ಡಬ್ಬಿ ಅನ್ನಿಸಿಕೊಂಡ ಎತ್ತು

ಎತ್ತಿಗೆ ಯಾರರ ಡಬ್ಬಿ ಅಂತಾರೇನ್ರಿ? ಅಂದ್ರು. ಅದೂ ಓದಿದಾವ್ರ ಅಂದ್ರು!

ನಾ ತುಕ್ಕಾನಟ್ಟಿ ಉದ್ದವ್ವ. ಗಂಡ ಹ್ವಾದ ಮ್ಯಾಲೆ ಎರಡ ಎತ್ತು, ಒಂದ ಚಕ್ಕಡಿ, ಇಷ್ಟ ನನ್ನ ಸಂಸಾರ. ಅರವತ್ತೆರಡನೇ ಇಸ್ವಿ. ಅರಭಾವಿ ಬಾಜೂಕ ಸರ್ಕಾರದವ್ರು ಅಣುಶಕ್ತಿ ಬೆರಸಿದ ಗೊಬ್ಬರ ಹಾಕಿ ಜ್ವಾಳ ಬೆಳದಿದ್ರು. ಅದರ ಮೇವು ಎರಡ ಚೀಲ ಪರೀಕ್ಷೆಗೆ ಮುಂಬೈಗೆ ಹೋಗೂದಿತ್ತು. ರೇಲ್ವೆ ಠೇಶನ್ ತನಕ ಒಯ್ಯಾಕ ನನ್ನ ಚಕ್ಕಡಿ ಹೇಳಿದ್ರು. ಚೀಲಕ್ಕ ಕೆಂಪ ಚೀಟಿ ಹಚ್ಚಿ, ಮುಟ್ಟಬ್ಯಾಡ್ರಿ ಅಂತ ಇಂಗ್ಲೀಷಿನ್ಯಾಗ ಬರದಿದ್ರಂತ. ನನ್ನ ಎತ್ತು ಕೆಂದಗ ಇಂಗ್ಲೀಷ್ ಎಲ್ಲಿ ಬರಬೇಕು! ಕೊಳ್ಳಾಗಿನ ಹಗ್ಗ ಹರಕೊಂಡು, ನಾ ನೀರಿನ ಕೊಡ ತರೂದ್ರಾಗ ಒಂದ ಚೀಲ ತಿಂದ ಮುಗಿಸಿತ್ತು.

ಮೇವಿನ ಉಸ್ತುವಾರಿ ಇದ್ದ ಧಾರವಾಡದ ಸಾಹೇಬ ಅರಭಾವಿ ಕಚೇರಿಗೆ ಓಡಿ ಬಂದು ಕಾಯ್ದೆ ಬುಕ್ಕ ತಗದ ಕುಂತ. ಬಾಜೂಕ ಗುಮಾಸ್ತ ತವನಪ್ಪ.

“ಸರಕು ಯಾವುದರೊಳಗಿದೆಯೋ ಅದು ಡಬ್ಬಿ,” ಅಂದ ಸಾಹೇಬ. “ಸರಕು ಈಗ ಎತ್ತಿನೊಳಗಿದೆ.”

“ಹಂಗಾರ ಎತ್ತ ಡಬ್ಬಿ ಆತ್ರಿ,” ಅಂದ ತವನಪ್ಪ.

“ಡಬ್ಬಿಗೆ ಮುಚ್ಚಳ ಬೇಕು.”

“ಇದಕ್ಕ ಎರಡ ಬೇಕಾಕ್ಕಾವ್ರಿ.”

ಸಾಹೇಬ ನಗಲಿಲ್ಲ. ಕೆಂದನ್ನ ರೇಲ್ವೆದಾಗ ಮುಂಬೈಗೆ ಕಳಸ್ತೇನಿ ಅಂದ. ನಾ ಕೈ ಮುಗದೆ. “ಎಪ್ಪಾ, ಹಿಂಗಾರಿ ಬಿತ್ತೂ ಹದ ಇನ್ನ ಮೂರ ದಿನ ಐತಿ. ಒಂದ ಎತ್ತಲೆ ಕೂರಿಗಿ ನಡೀತೈತೇನ್ರಿ? ನೊಗದ ಇನ್ನೊಂದ ಕಡಿ ನಾ ಕೊರಳ ಕೊಡ್ಲೇನು?” ಅಂತ ಅತ್ತೆ. “ನಾಳೆ ನೋಡೋಣ. ಡಬ್ಬಿ ಇಲ್ಲೇ ಇರಲಿ,” ಅಂದ.

ಕೆಂದನ ಜೋಡಿ ನಾನೂ ಕಚೇರಿ ಅಂಗಳದಾಗ ಉಳದೆ. ಬೆಳಗಾದ್ರ ಕಣ್ಣಮುಂದ ರಾಶಿ ಸಗಣಿ. ಸಗಣಿ ಬಿದ್ದದ್ದ ನೋಡಿ ಹೆಂಗಸಾದಾಕಿ ಸುಮ್ಮ ಕುಂದರತಾಳೇನ್ರಿ? ಸಾಹೇಬಗ ಒಂದೀಟು ಕರುಣೆ ಬರಲಿ ಅಂತ ಅಂಗಳ, ಕಟ್ಟಿ, ಆಂವ ಕುರ್ಚಿ ಹಾಕ್ಕೊಳ್ಳೂ ಪಡಸಾಲಿ ಎಲ್ಲಾ ಛಂದಂಗ ಸಾರಿಸಿ, ಮ್ಯಾಲೆ ರಂಗೋಲಿ ಹಾಕಿದೆ. ಉಳದದ್ದ ಗ್ವಾಡಿಗೆ ಕುಳ್ಳ ತಟ್ಟಿದೆ.

ಸಾಹೇಬ ಬಂದು ಕುಂತು ಚಾ ಕುಡ್ಯಾಕತ್ತಿದ್ದ. ತವನಪ್ಪ ನೆಲಾ ನೋಡಿದ, ಗ್ವಾಡಿ ನೋಡಿದ. “ಉದ್ದವ್ವಾ, ಯಾರ ಸಗಣಿ ಇದು?”

“ಕೆಂದಂದ್ರಿ.”

ತವನಪ್ಪ ಬುಕ್ಕ ತಗದ. “ಸಾಹೇಬ್ರ, ಸರಕ ತಗಲಿದ್ದೆಲ್ಲಾ ಸರಕ ಅಂತ ಬರದೈತ್ರಿ. ಇಡೀ ಕಚೇರಿನ ಮುಂಬೈಗೆ ಕಳಸಬೇಕಾಕ್ಕೈತಿ. ಒಳಗ ಕುಂತಾವ್ರನ್ನೂ.”

ಸಾಹೇಬನ ಮಾರಿ ಸುಣ್ಣ ಬಳದಂಗಾತು. ಬುಡಕ್ಕ ನೀರ ಬಂದ್ರ ಕಾಯ್ದೆನೂ ಮೆತ್ತಗಾಗತೈತಿ ನೋಡ್ರಿ. ಮೇವಿನ್ಯಾಗ ಏನೂ ದೋಷ ಇರಲಿಲ್ಲ, ಎತ್ತು ಬರೇ ಎತ್ತು ಅಂತ ಬರದು ಠಸ್ಸೆ ಹೊಡದ. ಅಣುಶಕ್ತಿ ಎಷ್ಟೈತಿ ಅಂತ ಅಳತಿ ಮಾಡೂ ಮಿಶಿನ್ನು ಇನ್ನೂ ಬಂದಿರಲಿಲ್ಲ.

ಕೆಂದನ ಹಗ್ಗ ಕೈಗೆ ಬಂತು. ಖುಷಿಗೆ ಕಣ್ಣಾಗ ನೀರ ಬಂತು. “ಖರೇನ ಏನೂ ಇಲ್ಲೇನ್ರಿ, ಸಾಹೇಬ್ರ?”

“ಏನೂ ಇಲ್ಲಮ್ಮಾ. ಬರೆದು ಕೊಟ್ಟಿದ್ದೇನಲ್ಲ,” ಅಂದ.

ಅಂದಾವ ಸೀದಾ ಬಾಂವಿಗೆ ಹ್ವಾದ. ಸಾಬಾಣ ಹಚ್ಚಿ ಮೂರ ಸಲ ಕಾಲ ತೊಳಕೊಂಡ. ಹೊಸಾ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲೆ ಬಸ್ ಹತ್ತಿದ.

ನಾ ನನ್ನ ಅಂಗೈ ನೋಡ್ಕೊಂಡೆ. ಉಗುರಿನ್ಯಾಗ ಇನ್ನಾ ಸಗಣಿ ಇತ್ತು. ಆಂವ ಚಪ್ಪಲಿ ಬಿಟ್ಟ ಹ್ವಾದ. ನಾ ಕೈ ಎಲ್ಲಿ ಬಿಟ್ಟ ಹೋಗ್ಲಿ?