ಇಬ್ಬರ ಕಾಗದ

ಕುರಿ ಹಿಕ್ಕೆ ಮಾರಿ ಉದ್ಧಾರವಾದವರುಂಟೇ ಎಂದು ಸೊರಬದಲ್ಲಿ ನನ್ನನ್ನು ಕೇಳದವರಿಲ್ಲ. ನಾನೂ ಉಡುತಡಿಯ ಸಂಗೀತಳೂ ಕೂಡಿ ಹಿಕ್ಕೆಯನ್ನು ಪುಡಿ ಮಾಡಿಸಿ, ಚೀಲ ತುಂಬಿ, ಗೊಬ್ಬರವೆಂದು ತೋಟದವರಿಗೆ ಮಾರುತ್ತಿದ್ದೆವು. ಕುರಿ ಅವಳ ಮನೆಯವು, ಗಿರಾಕಿ ಹಿಡಿಯುವ ಬಾಯಿ ನನ್ನದು. ನಮ್ಮ ಯಜಮಾನರು ‘ಹಿಕ್ಕೆ ಕಂಪನಿ’ ಎಂದು ಛೇಡಿಸುತ್ತಿದ್ದರು. ಕಂಪನಿಯಲ್ಲ, ಪಾಲುದಾರಿಕೆ ಎಂದು ನಾನು ತಿದ್ದುತ್ತಿದ್ದೆ.

ಹೋದ ತಿಂಗಳು ಸಂಗೀತ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನನಗೆ ಅಳು ಬರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಜನ ಹೇಳಿದ ಸಮಾಧಾನವೆಲ್ಲ ಬೋರ್ಗಲ್ಲ ಮೇಲೆ ನೀರು ಹೊಯ್ದಂತಾಯಿತು. ಅವಳು ಕಟ್ಟಿದ ವ್ಯಾಪಾರ ಮುಚ್ಚಬಾರದು ಎಂಬುದೊಂದು ಬಿಟ್ಟರೆ ನನ್ನೊಳಗೆ ಏನೂ ಇರಲಿಲ್ಲ.

ಅದಕ್ಕೇ ಅವಳ ಅತ್ತೆ ವರದಮ್ಮನವರನ್ನು ಕರೆದುಕೊಂಡು ಶಿಕಾರಿಪುರದ ಆಡಿಟರ್ ಮಹೇಶ್ವರಪ್ಪನವರ ಹತ್ತಿರ ಹೋದೆ.

“ಇಬ್ಬರಲ್ಲಿ ಒಬ್ರು ಹೋದ್ರೆ ಪಾಲುದಾರಿಕೆ ಅಲ್ಲಿಗೇ ಮುಗೀತು ಕಣಮ್ಮ. ಹಳೇ ಕಾನೂನು,” ಎಂದರು ಅವರು. “ಈಗ ಹೊಸ ನಮೂನೆ ಐತಲ್ಲ, ಒಬ್ರೇ ಕಂಪನಿ ಮಾಡಬಹುದು. ನಿಮ್ಮ ನಂತರ ಯಾರು ಅಂತ ಒಬ್ಬರ ಹೆಸರು ಕೊಡಬೇಕು. ಅವ್ರು ಒಪ್ಪಿ ರುಜು ಹಾಕಬೇಕು, ಅಷ್ಟೇ.”

ಒಬ್ಬರೇ ಕಂಪನಿಯಂತೆ! ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟುವುದನ್ನೂ ಸರ್ಕಾರ ಕಂಡುಹಿಡಿದಿದೆ. ಯಜಮಾನರು ತಮ್ಮ ನೌಕರಿಗೆ ತೊಂದರೆಯಾದೀತೆಂದು ಮೊದಲೇ ಕೈ ತೊಳೆದುಕೊಂಡಿದ್ದರು. ನಾನು ವರದಮ್ಮನವರ ಹೆಸರು ಕೊಟ್ಟೆ. ಕುರಿಯಂತೂ ಅವರವೇ.

ವರದಮ್ಮ ಪೆನ್ನು ಹಿಡಿದು ಕೇಳಿದರು, “ಇದ್ರಾಗೆ ಏನಂತ ಬರ್ದೀರಿ, ಸಾವ್ಕಾರ್ರೇ?”

“ಈ ನಾಗಶ್ರೀ ತೀರಿಕೊಂಡ್ರೆ ಕಂಪನಿ ನಿಮ್ಮ ಕೈಗೆ ಬರ್ತದೆ ಅಂತ,” ಎಂದು ಅವರು ನನ್ನತ್ತ ಕೈ ತೋರಿಸಿದರು.

ವರದಮ್ಮ ಪೆನ್ನು ಕೆಳಗಿಟ್ಟರು. “ಇವಳಿನ್ನೂ ಸಣ್ಣಾಕಿ. ನಾನು ಮುದುಕಿ. ಇವಳು ಹೋದ ಮ್ಯಾಲೂ ನಾನಿರ್ತೀನಿ ಅಂತ ನನ್ನ ಕೈಲೇ ಒಪ್ಪಿಸ್ತೀರಾ? ಸೊಸೇನ ಕಳಿಸಿ ಸಾಕಾಗೈತೆ. ನಾನು ಹಾಕಲ್ಲ.”

“ಅತ್ತೆ, ಅದು ಬರೀ ಕಾನೂನಿಗೆ,” ಎಂದೆ, ಸಂಗೀತ ಕರೆಯುತ್ತಿದ್ದಂತೆಯೇ.

“ಕಾನೂನಿಗೂ ಬ್ಯಾಡ. ಮೊದ್ಲಿನಂಗೆ ಇಬ್ಬರ ಕಾಗದ ಮಾಡ್ರಿ. ಅದಕ್ಕಾದ್ರೆ ಹಾಕ್ತೀನಿ.”

ಮಹೇಶ್ವರಪ್ಪನವರು ನಿಟ್ಟುಸಿರು ಬಿಟ್ಟರು. “ಮಾಡಬಹುದು. ಆದ್ರೆ ನೀವು ಹೋದ ದಿನ ಅದೂ ಮುಗೀತದೆ, ಅಮ್ಮ.”

“ಮುಗೀಲಿ. ನಾನು ಹೋದಾಗಾದ್ರೂ ಅದು ನಿಲ್ಲಲಿ. ಸಂಗೀತ ಹೋದ ಮಾರನೇ ದಿನವೇ ಚೀಲ ತುಂಬಿ ಕಳಿಸಿದ್ವಿ.”

ಹೌದು, ಕಳಿಸಿದ್ದೆವು. ತೋಟದವರು ಕಾಯುತ್ತಿದ್ದಾರೆಂದು ಚೀಲಗಳ ಬಾಯಿ ಹೊಲಿದವಳು ನಾನೇ. ವರದಮ್ಮ ಎದುರಿಗೆ ಕೂತು ಚೀಲ ಹಿಡಿದುಕೊಂಡಿದ್ದರು.

ಮಹೇಶ್ವರಪ್ಪನವರು ಹಳೆಯ ಕರಾರುಪತ್ರವನ್ನು ಮುಂದಿಟ್ಟುಕೊಂಡು, ಸಂಗೀತಳ ಹೆಸರಿದ್ದ ಕಡೆಯೆಲ್ಲ ವರದಮ್ಮ ಎಂದು ಟೈಪ್ ಮಾಡತೊಡಗಿದರು. ಆಗ ನನಗೆ ಇಷ್ಟು ದಿನ ಬಾರದ ಸಿಟ್ಟು ಬಂತು. ಕಾನೂನಿನ ಮೇಲಲ್ಲ, ಮುದುಕಿಯ ಮೇಲೂ ಅಲ್ಲ. ನನ್ನನ್ನು ಕೇಳದೆ ಪಾಲು ಬಿಟ್ಟುಹೋದ ಸಂಗೀತಳ ಮೇಲೆ.