ಮನೇಲಿ ಎಷ್ಟು ಜನ

ವಾರಪೂರ್ತಿ ಗಾರ್ಮೆಂಟ್ಸಿನಲ್ಲಿ ಯಾರ್ಯಾರದೋ ಅಂಗಿಗೆ ಕಾಲರ್ ಹೊಲಿದು, ಸಿಗುವ ಒಂದು ಭಾನುವಾರವನ್ನೂ ಒಗೆಯುವ ಕಲ್ಲಿಗೆ ಒಪ್ಪಿಸುವ ನಾಗಲಕ್ಷ್ಮಿಗೆ ಹಾಸನದ ಅಂಗಡಿಯ ತಣ್ಣನೆ ಗಾಳಿಯಲ್ಲೂ ಸುಖವಿರಲಿಲ್ಲ. ಹೊಳೆನರಸೀಪುರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಒದ್ದೆ ಬಟ್ಟೆ ಹಿಂಡಿದರೆ ಸಾಕು, ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಜೀವ ಹೋಗುತ್ತಿತ್ತು. ಅದಕ್ಕೇ ಈಗ ವಾಷಿಂಗ್ ಮಷೀನು.

ಗಂಡ ಕೀರ್ತಿರಾಜನಿಗೋ ಹೆಣ್ಣು ನೋಡಲು ಬಂದವನ ಹುರುಪು. ಒಂದೊಂದು ಮಷೀನಿನ ಮುಚ್ಚಳವನ್ನೂ ತೆಗೆದು ತಲೆ ತೂರಿಸಿ ನೋಡುತ್ತಿದ್ದ. ಹುಟ್ಟಿದಾಗಿನಿಂದ ಒಂದು ಕರ್ಚೀಫು ಒಗೆಯದವನಿಗೇ ಇಂಥ ಉತ್ಸಾಹ ಬರುವುದು. ಬೇಡವೆಂದರೂ ಜೊತೆಗೆ ಬಂದಿದ್ದ ಅತ್ತೆ ಮಲ್ಲಿಗಮ್ಮ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು.

ಅಂಗಡಿಯ ಹುಡುಗ ಸಂಜಯ್ ಹತ್ತಿರ ಬಂದು ಕೇಳಿದ. "ಮನೇಲಿ ಎಷ್ಟು ಜನ ಸರ್?"

"ಎಂಟು" ಎಂದ ಕೀರ್ತಿರಾಜ.

"ನಾಲ್ಕು" ಎಂದಳು ನಾಗಲಕ್ಷ್ಮಿ.

ಇಬ್ಬರದೂ ಸುಳ್ಳಲ್ಲ. ಅತ್ತೆಯೂ ಸೇರಿ ಅವರ ಮನೆಯಲ್ಲಿ ನಾಲ್ಕು ಜನ, ಗೋಡೆಯಾಚೆ ಮೈದುನ ಭೀಮನ ಮನೆಯಲ್ಲಿ ನಾಲ್ಕು ಜನ. ಒಲೆ ಬೇರೆಯಾಗಿ ಎಷ್ಟೋ ಕಾಲವಾದರೂ, ಒಬ್ಬರು ತಂದ ಸಾಮಾನು ಇಬ್ಬರದೂ ಎನ್ನುವುದು ಆ ಮನೆತನದ ರೂಢಿ. ಸಾಮಾನು ಇಬ್ಬರದು, ಸರಿ. ಚಾಕರಿ ಮಾತ್ರ ನಾಗಲಕ್ಷ್ಮಿಯದು. ಗ್ರೈಂಡರ್ ಬಂದಾಗಲೂ ಹೀಗೇ ಆಯಿತು. ವಾರಗಿತ್ತಿ ಶೋಭಿತಾ ನೆನೆದ ಅಕ್ಕಿಯ ಪಾತ್ರೆ ತಂದು, "ಅಕ್ಕಾ, ನಿಮ್ದರ ಜೊತೇಲೇ ಹಾಕ್ಬುಡಿ" ಎಂದು ಇಟ್ಟು ಹೋಗುವಳು. ಕೆಟ್ಟವಳಲ್ಲ, ಪಾಪ. ಆದರೆ ಹಿಟ್ಟು ತೋಡಿ, ಕಲ್ಲು ತೊಳೆಯುವವರು ಯಾರು? ಇನ್ನು ದೊಡ್ಡ ಮಷೀನು ಬಂತೆಂದರೆ ಎಂಟು ಜನರ ಬಟ್ಟೆ ಒಣಹಾಕಿ, ಎತ್ತಿ, ಮಡಿಸಿ, ಹಂಚುವುದರಲ್ಲೇ ಅವಳ ಭಾನುವಾರ ಮಣ್ಣುಪಾಲು.

"ಭೀಮನ್ ಮನೇರೇನು ಬ್ಯಾರೇರಾ?" ಕೀರ್ತಿರಾಜ ದನಿ ತಗ್ಗಿಸಿ ಗದರಿದ. "ಗುಂಡಿ ಒತ್ತುದ್ರೆ ಅದೇ ಒಗೀತದೆ. ನಿಂಗೇನ್ ಕಷ್ಟ?"

"ಅಂಗಾರೆ ನೀವೇ ಒತ್ತಿ."

ಅಷ್ಟು ಅಂದದ್ದಕ್ಕೇ ಅವಳಿಗೆ ಸುಸ್ತಾಯಿತು. ಯಾವುದಾದರೂ ತಗೊಂಡು ಸಾಯಲಿ, ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತು. ಆ ಮಾತು ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವನು ತಾಯಿಯತ್ತ ತಿರುಗಿದ.

"ನೀನೇ ಯೋಳವ್ವ. ನಮ್ಮನೇಲಿ ಎಷ್ಟು ಜನ?"

ಹೆತ್ತವಳು ಒಬ್ಬ ಮಗನನ್ನು ಬಿಟ್ಟು ಎಣಿಸುತ್ತಾಳೆಯೇ? ಮುಗಿಯಿತು ಅಂದುಕೊಂಡಳು ನಾಗಲಕ್ಷ್ಮಿ.

ಮಲ್ಲಿಗಮ್ಮ ಮಂಡಿಯ ಮೇಲಿನ ಕೈ ತೆಗೆಯಲಿಲ್ಲ. ಮಗನನ್ನೂ ನೋಡಲಿಲ್ಲ. "ನಾಕೇ ಜನ ಕಣಪ್ಪ" ಎಂದಳು ಸಂಜಯ್‌ಗೆ. "ಚಿಕ್ದು ತೋರ್ಸು."

ವಾಪಸು ಬರುವಾಗ ಅತ್ತೆ ಸೊಸೆಗೆ ಸೀಟು ಸಿಕ್ಕಿತು. ಕೀರ್ತಿರಾಜ ಮುಖ ಊದಿಸಿಕೊಂಡು ಮುಂದೆಲ್ಲೋ ಕಂಬಿ ಹಿಡಿದು ನಿಂತಿದ್ದ.

"ಶೋಭಿತಾ ಬಟ್ಟೆ ತಂದ್ರೆ ಏನತ್ತೆ ಮಾಡದು?"

"ಚಿಕ್ ಮಷೀನು, ಇಡಿಯಕಿಲ್ಲ ಅಂತ ನಾನ್ ಯೋಳ್ತೀನಿ. ಬೈದ್ರೆ ನಂಗೇ ಬೈಲಿ."

ನಾಗಲಕ್ಷ್ಮಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. ಊರು ಹತ್ತಿರವಾಗಿ ಕಿಟಕಿಯಾಚೆ ಹೊಳೆ ಕಾಣಿಸಿತು. ಮಲ್ಲಿಗಮ್ಮ ಅದನ್ನೇ ನೋಡುತ್ತಾ ಕೂತಳು.

"ನಮ್ ಮನೇದು, ನಿಮ್ಮಾವುನ್ ಅಣ್ಣನ್ ಮನೇದು, ತಮ್ಮನ್ ಮನೇದು, ಎಲ್ಲಾರ್ ಬಟ್ಟೇನೂ ಗಂಟ್ ಕಟ್ಕಂಡು ಇಲ್ಲಿಗೇ ತಲೆ ಮ್ಯಾಲೆ ಒತ್ಕಂಡ್ ಬತ್ತಿದ್ದೆ" ಎಂದಳು. ಸೊಸೆಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಮನೇಲಿ ಎಷ್ಟು ಜನ ಅಂತ ನನ್ನ ಇವತ್ತೇ ಕಣವ್ವ ಒಬ್ರು ಕೇಳಿದ್ದು."