ಎಂಟು ಪುಟದೊಳಗೆ ಮೂರನೇ ಕಂಬ

ಮಾವ ಮತ್ತು ಸೊಸೆ ಸೇರಿ ಹಳೆಯ ಸೇತುವೆಯೊಂದರ ಬಗ್ಗೆ ಬರೆದ ಪ್ರಬಂಧವನ್ನು ಜರ್ನಲ್‌ನವರು ಒಪ್ಪಿಕೊಂಡಿದ್ದರು. ಆದರೆ ಒಂದು ಷರತ್ತು: ಅವರು ಕಳಿಸಿದ ಟೆಂಪ್ಲೇಟಿನಲ್ಲೇ ಇರಬೇಕು, ಪುಟಕ್ಕೆ ಎರಡು ಕಾಲಂ, ಎಂಟು ಪುಟ ಮೀರಕೂಡದು. ಸೊಸೆ ಬರಹವನ್ನೆಲ್ಲ ಅದರೊಳಗೆ ಸುರಿದಳು. ಒಂಬತ್ತೂವರೆ ಪುಟವಾಯಿತು. ಮೂರನೇ ಕಂಬದ ಕಂಪನ ತೋರಿಸುವ ಗ್ರಾಫಂತೂ ಕಾಲಮ್ಮಿನೊಳಗೆ ಮುದುಡಿ ಇರುವೆ ಸಾಲಿನಂತೆ ಕಾಣುತ್ತಿತ್ತು.

ಆ ಕಂಬಕ್ಕಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಸೇತುವೆಯಡಿಯ ಕೆಸರಿನಲ್ಲಿ ಮೊಣಕಾಲುದ್ದ ಹೂತು, ಮೇಲೆ ಲಾರಿ ಹಾದಾಗಲೆಲ್ಲ ಕಂಪನ ಅಳೆಯುವ ಯಂತ್ರ ಹಿಡಿದು ನಿಂತವಳು. ಆದರೂ ಕತ್ತರಿ ಹಾಕಬೇಕಾದಾಗ ಅದಕ್ಕೇ ಹಾಕಿದಳು. ಇನ್ನೊಂದು ದೊಡ್ಡ ಭಾಗವೆಂದರೆ ಮಾವನ ಸೂತ್ರ. ಕಾಲೇಜಿನಿಂದ ನಿವೃತ್ತರಾದ ಮೇಲೂ ಬಿಡದೆ ತಿದ್ದಿ ತೀಡಿ ಕಟ್ಟಿದ್ದು. ಅದನ್ನು ಮುಟ್ಟಲು ಅವಳಿಗೆ ಕೈ ಬರಲಿಲ್ಲ.

ಮಾವ ಊಟದ ಮೇಜಿನ ಮೇಲೆ ಪ್ರಿಂಟ್ ಹರಡಿಕೊಂಡು, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುತ್ತ ಬಂದವರು ತಟ್ಟನೆ ನಿಂತರು.

"ಮೂರನೇ ಕಂಬ ಎಲ್ಲಿ ಹೋಯ್ತಮ್ಮ?"

"ಜಾಗ ಸಾಲ್ಲಿಲ್ಲ ಮಾವ."

"ಅಲ್ಲಾಡ್ತಿರೋದೇ ಅದು! ಅದನ್ನೇ ಬಿಟ್ರೆ ಜನ ಏನು ಓದ್ಬೇಕು? ನನ್ನ ಪಾಂಡಿತ್ಯಾನಾ?"

ಪೆನ್ಸಿಲ್ ತೆಗೆದು ತಮ್ಮ ಸೂತ್ರದ ಭಾಗಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆದೇಬಿಟ್ಟರು.

"ಬೇಡ ಮಾವ, ಅದಕ್ಕೆ ನೀವು ಎಷ್ಟು ವರ್ಷ..."

"ವರ್ಷ ಹೋಗಿದ್ದು ನಂದು. ಓದೋರಿಗೆ ಅದ್ಯಾಕಮ್ಮ?"

ಟೀ ತಂದ ಅತ್ತೆ, "ಒಂದು ಹಳೇ ರಸೀದಿ ಎಸೆಯೋಕೆ ಬಿಡದ ಮನುಷ್ಯ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದು ಗಲ್ಲದ ಮೇಲೆ ಕೈಯಿಟ್ಟರು.

ಆ ಭಾಗ ತೆಗೆದದ್ದೇ ತಡ, ಸೂತ್ರದ ಸಮೀಕರಣಗಳನ್ನು ನಂಬರ್ ಹೇಳಿ ಉಲ್ಲೇಖಿಸಿದ್ದ ಕಡೆಯೆಲ್ಲ ನಂಬರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳೆದ್ದವು. ಇಲ್ಲದ ಸಮೀಕರಣಕ್ಕೆ ಟೆಂಪ್ಲೇಟ್ ನಂಬರ್ ಎಲ್ಲಿಂದ ತಂದೀತು? ಮಾವ ಬೇಸರಿಸಲಿಲ್ಲ. ಒಂದೊಂದು ಚಿಹ್ನೆಯ ಬಳಿ ನಿಂತು ವಾಕ್ಯವನ್ನೇ ಬಿಚ್ಚಿ ಹೊಸದಾಗಿ ಹೇಳುತ್ತ ಹೋದರು. ಅವಳು ಟೈಪ್ ಮಾಡುತ್ತ ಹೋದಳು. ಮುಗಿದಾಗ ಅಲ್ಲೊಂದು ಸೂತ್ರವಿತ್ತೆಂಬ ಸುಳಿವೂ ಇರಲಿಲ್ಲ. ತಾವೇ ಕಟ್ಟಿದ್ದನ್ನು ಇಷ್ಟು ಅಚ್ಚುಕಟ್ಟಾಗಿ ಕಳಚುವವರನ್ನು ಅವಳು ಕಂಡಿರಲೇ ಇಲ್ಲ.

"ಈಗ ಮೂರನೇ ಕಂಬದ ಗ್ರಾಫು ವಾಪಸ್ ಹಾಕಮ್ಮ, ಎರಡೂ ಕಾಲಂ ತುಂಬ ಬರ್ಲಿ," ಎಂದರು.

ಅವಳು ಹಾಕಿ ಅಗಲಿಸಿದಳು. ಅದು ಹೇಳದೆ ಕೇಳದೆ ಕೊನೆಯ ಪುಟಕ್ಕೆ ಓಡಿಹೋಯಿತು. ಹಿಂದಕ್ಕೆಳೆದರೆ ಉಲ್ಲೇಖಗಳ ನಡುವೆ ನುಸುಳಿತು. ಇಬ್ಬರೂ ನಗುತ್ತ ಬೈಯುತ್ತ ಅಟ್ಟಿಸಿಕೊಂಡು ಹೋಗಿ, ಕಡೆಗೆ ಐದನೇ ಪುಟದ ನೆತ್ತಿಯ ಮೇಲೆ ಅದನ್ನು ಕೂರಿಸಿದರು. ಪುಟ ಎಂಟಕ್ಕೆ ನಿಂತಿತು.

ಕೆಲವು ವಾರಗಳಲ್ಲಿ ಜರ್ನಲ್‌ನಿಂದ ಅಚ್ಚಿನ ಪುಟಗಳು ಬಂದವು. ಸೊಸೆ ಓಡಿಬಂದು ಮಾವನ ಕೈಗಿತ್ತಳು. ಅವರು ತಮ್ಮ ಹೆಸರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಐದನೇ ಪುಟ ತೆಗೆದು, ಕನ್ನಡಕ ಹಣೆಗೇರಿಸಿ, ಕೈ ದೂರ ಚಾಚಿ, ಗ್ರಾಫಿನ ಅಂಕಿಗಳನ್ನು ಗಟ್ಟಿಯಾಗಿ ಓದಿದರು.

"ಬರಿಗಣ್ಣಿಗೂ ಕಾಣುತ್ತೆ ಕಣಮ್ಮ, ನಿನ್ನ ಕೆಲಸ," ಎಂದರು.